ರೂತ್ ಒಬ್ಬ, ಕಾರ್ಡು ಮೂರು: ಹಳೆಯ ಕಾಲದ ಬೇಸ್‌ಬಾಲ್ ಫ್ಯಾಂಟಸಿ ಲೀಗ್ ಕೆಟ್ಟರೆ ಎಲ್ಲಿ ಹುಡುಕಬೇಕು

ಅಕ್ಟೋಬರ್ ಕೊನೆಗೆ, ತಪ್ಪಿದರೆ ನವೆಂಬರ್ ಮೊದಲ ವಾರಕ್ಕೆ, ವರ್ಲ್ಡ್ ಸೀರೀಸ್ ಮುಗಿಯುತ್ತದೆ. ಆಮೇಲೆ ಮಾರ್ಚ್ ಕೊನೆಯವರೆಗೆ ಅಮೆರಿಕದ ಬೇಸ್‌ಬಾಲ್ ಹುಚ್ಚರಿಗೆ ಕೆಲಸವಿಲ್ಲ. ಹೊರಗೆ ಹಿಮ, ಒಳಗೆ ಹೀಟರ್. ನ್ಯೂಜೆರ್ಸಿಯಲ್ಲಿರುವ ನಾವು ಹತ್ತು ಜನ, ಅರ್ಧ ಕನ್ನಡದವರು, ಅರ್ಧ ಆಫೀಸಿನ ಗೆಳೆಯರು, ಆ ತಿಂಗಳುಗಳನ್ನು ಹಳೆಯ ವರ್ಷಗಳ ಆಟಗಾರರನ್ನು ಹಂಚಿಕೊಳ್ಳುವುದರಲ್ಲಿ ಕಳೆಯುತ್ತೇವೆ. ನಾನು ಲೀಗ್‌ನ ಕಮಿಷನರ್. ಅಂದರೆ ಬೈಸಿಕೊಳ್ಳುವವನು.

ಆಟ ಸರಳ. ಒಬ್ಬ ಆಟಗಾರನ ಒಂದು ವರ್ಷ ಅಂದರೆ ಒಂದು ಕಾರ್ಡು. "ಬೇಬ್ ರೂತ್ 1923" ಒಂದು ಕಾರ್ಡು. ಇಂಥ 25 ಕಾರ್ಡು ಸೇರಿದರೆ ಒಂದು ತಂಡ. ಆ ವರ್ಷ ಅವನು ಮೈದಾನದಲ್ಲಿ ನಿಜವಾಗಿ ಗಳಿಸಿದ್ದೇ ನಮಗೆ ಅಂಕಿ. ಬ್ಯಾಟಿಂಗ್‌ಗೆ ಐದು ವಿಭಾಗ: ಹೋಮ್ ರನ್ (ಚೆಂಡು ಬೇಲಿ ದಾಟಿಸುವ ಹೊಡೆತ), ರನ್, ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್), ಸ್ಟೀಲ್ (ಓಡಿ ಕದ್ದ ಬೇಸ್), ಸರಾಸರಿ (ಬ್ಯಾಟ್ ಮಾಡಿದ ಸಲಗಳಲ್ಲಿ ಎಷ್ಟು ಪಾಲು ಹಿಟ್). ಪಿಚಿಂಗ್‌ಗೆ ಐದು: ಗೆಲುವು, ಸೇವ್ (ಕೊನೆಯಲ್ಲಿ ಬಂದು ತಂಡದ ಮುನ್ನಡೆ ಕಾಯ್ದದ್ದು), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಇಆರ್‌ಎ, ವ್ಹಿಪ್. ಇಆರ್‌ಎ ಅಂದರೆ, ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದನ್ನು ಬಿಟ್ಟು, 9 ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್. ವ್ಹಿಪ್ ಅಂದರೆ ಒಂದು ಇನಿಂಗ್ಸ್‌ಗೆ ಎಷ್ಟು ಹಿಟ್ ಮತ್ತು ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಕೊಟ್ಟ ಅನ್ನುವುದು. ಪ್ರತಿ ವಿಭಾಗದಲ್ಲೂ ಮೊದಲನೆಯವರಿಗೆ 10 ಅಂಕ, ಕೊನೆಯವರಿಗೆ 1.

ಈ ಅಂಕ ಕೊಡುವ ಪದ್ಧತಿ 1980ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ್ದು. ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಒಂದು ಫ್ರೆಂಚ್ ಹೋಟೆಲಿನ ಹೆಸರನ್ನೇ ಇಟ್ಟು ಅದನ್ನು ರಾಟಿಸರಿ ಎಂದು ಕರೆದರು. ಆಗ ಎಂಟೇ ವಿಭಾಗ ಇದ್ದವು. ಒಂದು ಮಾತು ಇಲ್ಲಿ ನೆನಪಿಡಿ. ಅವರು ಹಂಚಿಕೊಂಡದ್ದು ಒಂದೇ ವರ್ಷ, ಒಂದೇ ಚೆಂಡಿನಲ್ಲಿ, ಒಂದೇ ನಿಯಮದಲ್ಲಿ ಆಡುತ್ತಿದ್ದವರನ್ನು. ನಾವು ಅದೇ ತಕ್ಕಡಿಗೆ ನೂರು ವರ್ಷಕ್ಕೂ ಜಾಸ್ತಿ ಕಾಲದ ಆಟಗಾರರನ್ನು ಸುರಿಯುತ್ತೇವೆ. ಕೆಡದೆ ಇನ್ನೇನಾಗುತ್ತದೆ?

ಕೆಟ್ಟಾಗ ಎಲ್ಲರೂ ಹೇಳುವ ಪರಿಹಾರ ಒಂದೇ: "ಅವನನ್ನು ಬ್ಯಾನ್ ಮಾಡಿ." ರೂತ್ ಬೇಡ, ಬಾಂಡ್ಸ್ ಬೇಡ, ಗಿಬ್ಸನ್ ಬೇಡ. ನಾನೂ ಎರಡು ವರ್ಷ ಹಾಗೇ ಮಾಡಿದೆ. ಒಬ್ಬನನ್ನು ಹೊರಗಿಟ್ಟರೆ ಅದೇ ಬಾಗಿಲಿನಿಂದ ಇನ್ನೊಬ್ಬ ಬರುತ್ತಾನೆ. ಬಾಗಿಲು ಯಾವುದು ಅಂತ ಮೊದಲು ಹುಡುಕಬೇಕು.

ನಿಯಮಕ್ಕೆ ಕೈ ಹಾಕುವ ಮೊದಲು

ಹೋದ ಡ್ರಾಫ್ಟ್‌ನ, ಅಂದರೆ ಸರದಿಯಲ್ಲಿ ಕಾರ್ಡು ಆರಿಸಿಕೊಂಡದ್ದರ, ಹಾಳೆ ತೆರೆಯಿರಿ. 250 ಕಾರ್ಡುಗಳ ವರ್ಷಗಳನ್ನು ಒಂದು ಕಾಲಂಗೆ ಹಾಕಿ, ದಶಕವಾರು ಎಣಿಸಿ. ಒಂದೇ ದಶಕದಲ್ಲಿ ಗುಂಪು ಕಂಡರೆ ತಕ್ಕಡಿಯ ದೋಷ. ಆಮೇಲೆ ಪಿಚರ್‌ಗಳನ್ನು ಇನಿಂಗ್ಸ್ ಪ್ರಕಾರ, ಬ್ಯಾಟರ್‌ಗಳನ್ನು ಪ್ಲೇಟ್ ಅಪಿಯರೆನ್ಸ್ (ಬ್ಯಾಟ್ ಹಿಡಿದು ಎದುರು ನಿಂತ ಸಲಗಳು) ಪ್ರಕಾರ ಸಾಲಾಗಿ ಜೋಡಿಸಿ, ಮೇಲಿನ ಐದು ಮತ್ತು ಕೆಳಗಿನ ಐದು ಹೆಸರು ನೋಡಿ. ಕಳ್ಳರು ಯಾವಾಗಲೂ ಎರಡು ತುದಿಯಲ್ಲಿರುತ್ತಾರೆ. ಕೊನೆಗೆ ಖಾಲಿ ಇರುವ ಚೌಕಗಳಿಗೆ ಬಣ್ಣ ಹಚ್ಚಿ. ಇಷ್ಟಕ್ಕೆ ಅರ್ಧ ಗಂಟೆ ಸಾಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಮೂರು ದಿನ ಜಗಳವಾಡುವುದಕ್ಕಿಂತ ವಾಸಿ.

ಲಕ್ಷಣ: ಮೊದಲ ಚೀಟಿ ಸಿಕ್ಕವರೇ ಗೆಲ್ಲುತ್ತಾರೆ

ನಮ್ಮ ಮೊದಲ ಡ್ರಾಫ್ಟ್ ಶುರುವಾಗಿ ಹತ್ತು ನಿಮಿಷದೊಳಗೆ ರೂತ್ ಮೂರು ಮನೆ ಸೇರಿದ್ದ. ಒಬ್ಬರಿಗೆ 1920ರ ರೂತ್, 54 ಹೋಮ್ ರನ್. ಇನ್ನೊಬ್ಬರಿಗೆ 1921ರವನು, 59. ಮತ್ತೊಬ್ಬರಿಗೆ 1927ರವನು, 60. ನಾಲ್ಕನೆಯವರು ಬ್ಯಾರಿ ಬಾಂಡ್ಸ್ 2001 ತೆಗೆದುಕೊಂಡರು, 73. ಉಳಿದ ಆರು ಜನ ಮುಖ ಮುಖ ನೋಡಿಕೊಂಡೆವು. ಅಮೆರಿಕದ ಮೇಜರ್ ಲೀಗ್‌ಗಳು ಎರಡು, ಅಮೆರಿಕನ್ ಮತ್ತು ನ್ಯಾಷನಲ್. 1920ರಲ್ಲಿ ರೂತ್ ಇದ್ದ ಅಮೆರಿಕನ್ ಲೀಗ್‌ನ ಉಳಿದ ಏಳು ತಂಡಗಳಲ್ಲಿ ಯಾವ ಇಡೀ ತಂಡವೂ 54 ಹೋಮ್ ರನ್ ಹೊಡೆದಿರಲಿಲ್ಲ. ಅಂಥವನು ಮೂರು ಮೂರು ಪ್ರತಿಯಲ್ಲಿ ಸಿಕ್ಕರೆ ಆಟ ಅಲ್ಲಿಗೇ ಮುಗಿಯಿತು.

ನಮ್ಮ ನಿಯಮದಲ್ಲಿ "ಒಂದು ಕಾರ್ಡು ಒಬ್ಬರಿಗೆ ಮಾತ್ರ" ಎಂದಿತ್ತು. ಕಾರ್ಡು ಎಂದು ಬರೆದಿದ್ದೆವು, ಮನುಷ್ಯ ಎಂದು ಬರೆದಿರಲಿಲ್ಲ. ಅಷ್ಟೇ ದೋಷ. ಮರುವರ್ಷ ತಿದ್ದಿದೆವು: ಒಬ್ಬ ಮನುಷ್ಯ ಇಡೀ ಲೀಗ್‌ನಲ್ಲಿ ಒಮ್ಮೆ ಮಾತ್ರ, ಯಾವ ವರ್ಷದ್ದಾದರೂ ಸರಿ.

ತಿದ್ದಿದ ಕೂಡಲೇ ಇನ್ನೊಂದು ತೂತು ಕಾಣಿಸಿತು. ಅದನ್ನು ಹುಡುಕಿದ್ದು ನಮ್ಮ ಭಾವ, ಅಕ್ಕನ ಗಂಡ. ಅವರು ಮೊದಲ ಸುತ್ತಿನಲ್ಲಿ ಗುಂಪಿಗೆ "ರೂತ್" ಅಂತ ಮಾತ್ರ ಮೆಸೇಜ್ ಹಾಕಿದರು. ವರ್ಷ ಹೇಳಲಿಲ್ಲ. ನಾವೂ ಕೇಳಲಿಲ್ಲ. 25 ಸುತ್ತು ಮುಗಿದ ಮೇಲೆ ಅವರ ಪಿಚಿಂಗ್ ಸೊರಗಿದ್ದು ಕಂಡಿತು. ಆಗ ಹೇಳಿದರು, "1916ರ ರೂತ್, ಬಾಸ್ಟನ್." ಆ ವರ್ಷ ರೂತ್ ಪಿಚರ್. 23 ಗೆಲುವು, ಇಆರ್‌ಎ 1.75.

"ಭಾವ, ಇದು ಮೋಸ ಅಲ್ವಾ?" ಎಂದೆ.

"ನಾನು ನಿಯಮ ಮುರಿದಿಲ್ಲ ಕಣೋ. ನೀನು ಬರೆದದ್ದನ್ನೇ ಓದಿದೆ."

ಅಂದಿನಿಂದ ಹೆಸರು, ವರ್ಷ, ತಂಡ, ಸ್ಥಾನ ನಾಲ್ಕೂ ಒಂದೇ ಮೆಸೇಜ್‌ನಲ್ಲಿ ಬರಬೇಕು. ಬರದಿದ್ದರೆ ಆ ಸರದಿ ಮುಂದಿನವರಿಗೆ.

ಇಷ್ಟಾದರೂ ಮೊದಲ ಚೀಟಿಯ ಬಲ ಪೂರ್ತಿ ಹೋಗುವುದಿಲ್ಲ. ಹಾವಿನ ಹಾಗೆ ತಿರುಗುವ ಸರದಿಯಲ್ಲಿ, 1ರಿಂದ 10, ಮತ್ತೆ 10ರಿಂದ 1, ರೂತ್ ಸಿಕ್ಕವರಿಗೆ 20ನೆಯ ಆಯ್ಕೆಯೂ ಸಿಗುತ್ತದೆ. ರೂತ್‌ಗೂ ಎರಡನೆಯವನಿಗೂ ಇರುವ ಅಂತರ, ಎರಡನೆಯವನಿಗೂ ಹತ್ತನೆಯವನಿಗೂ ಇರುವ ಅಂತರಕ್ಕಿಂತ ದೊಡ್ಡದು. ಇದಕ್ಕೆ ಸರಿಯಾದ ಮದ್ದು ಹರಾಜು. ಹಳೆಯ ರಾಟಿಸರಿ ಲೆಕ್ಕದಲ್ಲಿ ಒಬ್ಬೊಬ್ಬರಿಗೆ 260 ಡಾಲರ್, ರೂತ್ ಬೇಕಾದವರು ಅದರಲ್ಲಿ ದೊಡ್ಡ ಪಾಲು ಕೊಡಲಿ. ಆದರೆ 250 ಕಾರ್ಡು ಹರಾಜು ಹಾಕಲು ಒಂದು ಸಂಜೆ ಸಾಲುವುದಿಲ್ಲ, ಮನೆಯಲ್ಲಿ ಸಾರು ಎರಡು ಸಲ ಬಿಸಿಯಾಗುತ್ತದೆ. ನಾವು ಮೊದಲ ಐದು ಕಾರ್ಡು ಮಾತ್ರ ಹರಾಜು ಹಾಕಿ, ಉಳಿದ 20 ಸರದಿಯಲ್ಲಿ ತೆಗೆದುಕೊಳ್ಳುತ್ತೇವೆ. ನಡೆಯುತ್ತಿದೆ.

ಲಕ್ಷಣ: ಪಿಚರ್‌ಗಳೆಲ್ಲ ಒಂದೇ ಕಾಲದವರು

ಇದೇ ಮುಖ್ಯ ದೋಷ. ಉಳಿದದ್ದೆಲ್ಲ ಇದರ ಮಕ್ಕಳು ಮರಿಗಳು.

ಎರಡನೆಯ ವರ್ಷದ ಹಾಳೆಯಲ್ಲಿ ದಶಕ ಎಣಿಸಿದಾಗ ಪಿಚರ್‌ಗಳಲ್ಲಿ ಮುಕ್ಕಾಲು ಪಾಲು 1920ಕ್ಕಿಂತ ಹಿಂದಿನವರು. ಉಳಿದವರಲ್ಲಿ ನಾಲ್ಕೈದು ಮಂದಿ ಒಂದೇ ವರ್ಷದವರು, 1968. ಬ್ಯಾಟರ್‌ಗಳು 1930ರ ಆಸುಪಾಸು ಒಂದು ಗುಂಪು, 2000ದ ಆಸುಪಾಸು ಇನ್ನೊಂದು ಗುಂಪು. ನಡುವಿನ ಕಾಲ ಬರಡು. ಯಾರೂ ಆಟ ಬಲ್ಲವರಾಗಿ ಆರಿಸಿರಲಿಲ್ಲ, ಸರಾಸರಿಯ ಕಾಲಂ ಒತ್ತಿ ಮೇಲಿನಿಂದ ಕೆಳಗೆ ಇಳಿದಿದ್ದರು.

ಕಾರಣ ಗೊತ್ತಿರುವುದೇ. 1920ಕ್ಕೆ ಮೊದಲು ಚೆಂಡು ಹಳತಾಗಿ ಮೆತ್ತಗಾಗುವವರೆಗೂ ಬಳಸುತ್ತಿದ್ದರು, ಪಿಚರ್ ಅದಕ್ಕೆ ಉಗುಳು ಹಚ್ಚಿ ಎಸೆಯಬಹುದಿತ್ತು. 1968ರಲ್ಲಿ ಪಿಚರ್ ನಿಲ್ಲುವ ದಿಬ್ಬದ ಎತ್ತರ 15 ಇಂಚು, ಸ್ಟ್ರೈಕ್ ವಲಯವೂ (ಬ್ಯಾಟರ್ ಹೊಡೆಯದೆ ಬಿಟ್ಟರೂ ಸ್ಟ್ರೈಕ್ ಎಂದು ಎಣಿಸುವ ಜಾಗ) ದೊಡ್ಡದು. ಆ ವರ್ಷ ಅಮೆರಿಕನ್ ಲೀಗ್ ಬ್ಯಾಟಿಂಗ್ ಎಷ್ಟು ಸೊರಗಿತು ಅಂದರೆ ಮರುವರ್ಷವೇ ದಿಬ್ಬವನ್ನು 10 ಇಂಚಿಗೆ ಇಳಿಸಿದರು.

ಇದನ್ನು ಪರೀಕ್ಷಿಸಲು ಎರಡು ಜೋಡಿ ಸಾಕು. ಮೊದಲ ಜೋಡಿ: ಬಾಬ್ ಗಿಬ್ಸನ್ 1968, ಇಆರ್‌ಎ 1.12. ಪೆಡ್ರೊ ಮಾರ್ಟಿನೆಜ್ 2000, ಇಆರ್‌ಎ 1.74. ಬರೀ ಅಂಕಿ ನೋಡಿದರೆ ಗಿಬ್ಸನ್ ಎಷ್ಟೋ ಮುಂದೆ. ಈಗ ಅವರವರ ಲೀಗ್‌ನ ಇಆರ್‌ಎ ಪಕ್ಕದಲ್ಲಿಡಿ. 1968ರ ನ್ಯಾಷನಲ್ ಲೀಗ್‌ದು 2.99. 2000ದ ಅಮೆರಿಕನ್ ಲೀಗ್‌ದು 4.9ರ ಹತ್ತಿರ. 2.99 ಭಾಗಿಸು 1.12 ಅಂದರೆ 2.67. 4.9 ಭಾಗಿಸು 1.74 ಅಂದರೆ 2.8. ಪೆಡ್ರೊ ಮುಂದೆ ಬಂದ.

ಎರಡನೆಯ ಜೋಡಿ ನನಗೆ ಇನ್ನೂ ಇಷ್ಟ. 1930ರಲ್ಲಿ ಬಿಲ್ ಟೆರಿ .401 ಹೊಡೆದ. 1968ರಲ್ಲಿ ಕಾರ್ಲ್ ಯಸ್ಟ್ರೆಮ್ಸ್ಕಿ .301 ಹೊಡೆದು ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಕಿರೀಟ ಗೆದ್ದ. ಅಂಕಿಯಲ್ಲಿ ಪೂರ್ತಿ ನೂರು ಪಾಯಿಂಟ್ ವ್ಯತ್ಯಾಸ. ಆದರೆ 1930ರ ನ್ಯಾಷನಲ್ ಲೀಗ್‌ನಲ್ಲಿ ಎಲ್ಲರೂ ಸೇರಿದ ಸರಾಸರಿಯೇ .303. ಅಂದರೆ ಯಸ್ಟ್ರೆಮ್ಸ್ಕಿ ಕಿರೀಟ ಗೆದ್ದ ಅಂಕಿಗೆ 1930ರಲ್ಲಿ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. 1968ರ ಅಮೆರಿಕನ್ ಲೀಗ್ ಸರಾಸರಿ .230. ಭಾಗಿಸಿ: ಟೆರಿಗೆ 1.32, ಯಸ್ಟ್ರೆಮ್ಸ್ಕಿಗೆ 1.31. ಇಬ್ಬರೂ ತಮ್ಮ ಕಾಲದಲ್ಲಿ ಒಂದೇ ಎತ್ತರದವರು. ಮದ್ರಾಸ್‌ನಲ್ಲಿ 1975ರ ಜನವರಿಯಲ್ಲಿ ವಿಶ್ವನಾಥ್ ಹೊಡೆದ ಔಟಾಗದ 97 ಯಾಕೆ ದೊಡ್ಡದು ಅಂತ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ತಂಡ ಒಟ್ಟು ಮಾಡಿದ್ದೇ 190. ಇದೂ ಅದೇ ಲೆಕ್ಕ.

ಹಾಗಾದರೆ ಎಲ್ಲ ಅಂಕಿಯನ್ನೂ ಆ ವರ್ಷದ ಲೀಗ್ ಅಂಕಿಯಿಂದ ಭಾಗಿಸಿಬಿಡೋಣ ಅಂತ ಹೊರಟರೆ ಎಡವುತ್ತೀರಿ. ನಾನು ಎಡವಿದ್ದೇನೆ. ಮೂರನೆಯ ವರ್ಷ ಉತ್ಸಾಹದಲ್ಲಿ ಹೋಮ್ ರನ್‌ಗೂ ಇದೇ ಭಾಗಾಕಾರ ಹಾಕಿದೆ. ಹಾಳೆಯ ಮೇಲ್ತುದಿಗೆ ಬಂದು ಕೂತವರಲ್ಲಿ ಟಾಮಿ ಲೀಚ್ 1902 ಒಬ್ಬ. ಅವನು ಆ ವರ್ಷ ನ್ಯಾಷನಲ್ ಲೀಗ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದವನು. ಎಷ್ಟು? ಆರು. ಇಡೀ ವರ್ಷಕ್ಕೆ ಆರು. ಎಲ್ಲರೂ ಒಂದೆರಡು ಹೊಡೆಯುವ ಕಾಲದಲ್ಲಿ ಆರು ದೊಡ್ಡದೇ, ಆದರೆ ಆರು ಹೋಮ್ ರನ್‌ಗೆ ಬಾಂಡ್ಸ್‌ನ ಪಕ್ಕದ ಕುರ್ಚಿ ಕೊಟ್ಟರೆ ನಿಮ್ಮ ಲೀಗ್‌ನಲ್ಲಿ ಯಾರೂ ಉಳಿಯುವುದಿಲ್ಲ. ಕೆಳಗಿನ ಸಂಖ್ಯೆ ಚಿಕ್ಕದಾದಷ್ಟೂ ಭಾಗಾಕಾರ ಹುಚ್ಚು ಹಿಡಿಯುತ್ತದೆ.

ನಾವು ಕೊನೆಗೆ ನಿಂತದ್ದು ಇಲ್ಲಿ: ಸರಾಸರಿಗಳನ್ನು ಮಾತ್ರ ತೂಗಿ, ಎಣಿಕೆಗಳಿಗೆ ಈ ಭಾಗಾಕಾರ ಬೇಡ. ಬ್ಯಾಟಿಂಗ್ ಸರಾಸರಿ, ಇಆರ್‌ಎ, ವ್ಹಿಪ್ ಮೂರನ್ನು ಆ ವರ್ಷದ, ಆ ಲೀಗ್‌ನ ಅಂಕಿಗೆ ಹೋಲಿಸುತ್ತೇವೆ. ಹೋಮ್ ರನ್, ಸ್ಟೀಲ್, ರನ್, ಆರ್‌ಬಿಐ ಇದ್ದ ಹಾಗೇ. ಹಳಬರಿಗೆ ಅನ್ಯಾಯ ಆಗುವುದಿಲ್ಲವೇ ಅಂದರೆ, ಜಾಸ್ತಿ ಆಗುವುದಿಲ್ಲ. ಹೋಮ್ ರನ್ ಇಲ್ಲದ ಕಾಲದವರು ಓಡುತ್ತಿದ್ದರು. ಟೈ ಕಾಬ್ 1915ರಲ್ಲಿ 96 ಬೇಸ್ ಕದ್ದ. ಒಂದು ವಿಭಾಗದಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರಲ್ಲಿ ತೆಗೆಯುತ್ತಾನೆ.

ಶುರುವಿನ ವರ್ಷವನ್ನೂ ಇಲ್ಲೇ ಗಟ್ಟಿ ಮಾಡಿಕೊಳ್ಳಿ. ಪಿಚರ್ ಮತ್ತು ಬ್ಯಾಟರ್ ನಡುವಿನ ಈಗಿನ ದೂರ, 60 ಅಡಿ 6 ಇಂಚು, ಬಂದದ್ದು 1893ರಲ್ಲಿ. ಅದಕ್ಕೂ ಹಿಂದೆ ಹೋದರೆ ಬೇರೆಯೇ ಆಟ. 1887ರಲ್ಲಂತೂ ವಾಕ್ ಅನ್ನೂ ಹಿಟ್ ಎಂದು ಎಣಿಸಿದರು. ಟಿಪ್ ಓನೀಲ್‌ನ ಆ ವರ್ಷದ ಸರಾಸರಿ ಒಂದು ಲೆಕ್ಕದಲ್ಲಿ .492, ಇನ್ನೊಂದರಲ್ಲಿ .435. ಒಂದೇ ಕಾರ್ಡಿಗೆ ಎರಡು ಬೆಲೆ! ನಾವು 1901ರಿಂದ ಶುರು ಮಾಡುತ್ತೇವೆ, ಅಮೆರಿಕನ್ ಲೀಗ್ ಮೇಜರ್ ಆದ ವರ್ಷ. ಮತ್ತೆ, ಅಂಕಿಗಳಿಗೆ ಎಲ್ಲರೂ ನೋಡಬೇಕಾದ ಜಾಗ ಒಂದೇ ಅಂತ ನಿಯಮದ ಮೊದಲ ಸಾಲಿನಲ್ಲೇ ಬರೆಯಿರಿ.

ಲಕ್ಷಣ: ಇಬ್ಬರೇ ಪಿಚರ್‌ಗಳು ಇಡೀ ಸೀಸನ್ ಎಸೆದುಬಿಡುತ್ತಾರೆ

162 ಪಂದ್ಯ, ಪಂದ್ಯಕ್ಕೆ 9 ಇನಿಂಗ್ಸ್, ಒಟ್ಟು 1458. ಇದನ್ನೇ ನಾವು ತಂಡದ ಮಿತಿ ಮಾಡಿದ್ದೆವು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೊದಲ ವರ್ಷ, 1901ರ ಗೆರೆ ಇನ್ನೂ ಇಲ್ಲದಾಗ, ನಮ್ಮ ಭಾವನ ತಂಡ ಹೀಗಿತ್ತು: ಚಾರ್ಲಿ ರ್ಯಾಡ್‌ಬರ್ನ್ 1884, ಪ್ರಾವಿಡೆನ್ಸ್, 678⅔ ಇನಿಂಗ್ಸ್. ಆ ವರ್ಷ ಅವನ ಗೆಲುವು 59 ಅಂತ ಒಂದು ಪುಸ್ತಕ, 60 ಅಂತ ಇನ್ನೊಂದು. ಪಕ್ಕದಲ್ಲಿ ಎಡ್ ವಾಲ್ಶ್ 1908, 464 ಇನಿಂಗ್ಸ್, 40 ಗೆಲುವು. ಇಬ್ಬರಲ್ಲೇ 1142⅔ ಮುಗಿಯಿತು. ಉಳಿದ 315ಕ್ಕೆ ಆಟದ ಕೊನೆಯಲ್ಲಿ ಬರುವ ರಿಲೀವರ್‌ಗಳು: ಡೆನಿಸ್ ಎಕರ್ಸ್ಲಿ 1990, ಇಆರ್‌ಎ 0.61, ಇಡೀ ವರ್ಷಕ್ಕೆ ಕೊಟ್ಟ ವಾಕ್ ನಾಲ್ಕೇ ನಾಲ್ಕು. ಫರ್ನಾಂಡೊ ರಾಡ್ನಿ 2012, 0.60. ಜ್ಯಾಕ್ ಬ್ರಿಟನ್ 2016, 0.54. ಗೆಲುವು, ಸ್ಟ್ರೈಕ್‌ಔಟ್ ಹಳಬರಿಂದ, ಸೇವ್ ಹೊಸಬರಿಂದ, ಇಆರ್‌ಎ, ವ್ಹಿಪ್ ಎಲ್ಲರಿಂದ. ಪಿಚಿಂಗ್‌ನ ಐದು ವಿಭಾಗಗಳಲ್ಲೂ ಭಾವನೇ ಮೊದಲು.

ತಂಡಕ್ಕೆ ಮಿತಿ ಹಾಕಿದ್ದೆವು, ಮನುಷ್ಯನಿಗೆ ಹಾಕಿರಲಿಲ್ಲ. ಮತ್ತದೇ ತಪ್ಪು.

ಈಗ ಒಬ್ಬ ಪಿಚರ್‌ನಿಂದ 300 ಇನಿಂಗ್ಸ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಜಾಸ್ತಿ ಎಸೆದಿದ್ದರೆ ಗೆಲುವು, ಸ್ಟ್ರೈಕ್‌ಔಟ್ ಎರಡನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತೇವೆ. ವಾಲ್ಶ್‌ನ 40 ಗೆಲುವು 26 ಆಗುತ್ತದೆ. ಒಳ್ಳೆಯ ಪಿಚರ್‌ನ ಅಂಕಿ, ಆದರೆ ಲೀಗ್ ನುಂಗುವ ಅಂಕಿಯಲ್ಲ. ಇನ್ನೊಂದು ತುದಿಗೆ, ತಂಡದಲ್ಲಿ ಕನಿಷ್ಠ ಐದು ಜನ ಆ ವರ್ಷ 20 ಪಂದ್ಯವಾದರೂ ಶುರು ಮಾಡಿದ ಪಿಚರ್‌ಗಳಿರಬೇಕು. ಎರಡೂ ಬೇಕು. ಮೇಲಿನ ಮಿತಿ ಹಾಕಿ ಕೆಳಗಿನದು ಬಿಟ್ಟರೆ ಎಲ್ಲರೂ ರಿಲೀವರ್‌ಗಳ ಅಂಗಡಿ ತೆರೆಯುತ್ತಾರೆ.

ಬ್ಯಾಟಿಂಗ್‌ನಲ್ಲಿ ಈ ದೋಷ ಬೇರೆ ವೇಷದಲ್ಲಿ ಬರುತ್ತದೆ. 154 ಪಂದ್ಯದ ಕಾಲ, 162ರ ಕಾಲ, ಮುಷ್ಕರದಲ್ಲಿ ಮುರಿದುಬಿದ್ದ 1981 ಮತ್ತು 1994, 60 ಪಂದ್ಯದ 2020, ಇವನ್ನೆಲ್ಲ ಸಮ ಮಾಡಲು ಒಂದು ವರ್ಷ ಎಲ್ಲರ ಎಣಿಕೆಯನ್ನೂ ಒಂದೇ ಅಳತೆಗೆ ಹಿಗ್ಗಿಸಿದೆವು. ಆಗ ಒಬ್ಬರು ಶೇನ್ ಸ್ಪೆನ್ಸರ್ 1998 ಎಂಬ ಕಾರ್ಡು ಹಿಡಿದು ನಗುತ್ತಾ ಬಂದರು. ನ್ಯೂಯಾರ್ಕ್ ಯಾಂಕೀಸ್‌ಗೆ ಆ ವರ್ಷ ಅವನು ಆಡಿದ್ದು 27 ಪಂದ್ಯ, 67 ಅಟ್-ಬ್ಯಾಟ್ (ವಾಕ್ ಮುಂತಾದವನ್ನು ಬಿಟ್ಟು ಬ್ಯಾಟ್ ಮಾಡಿದ ಸಲಗಳು). ಸರಾಸರಿ .373, ಹೋಮ್ ರನ್ 10. ಇದನ್ನು 600ಕ್ಕೆ ಹಿಗ್ಗಿಸಿ ನೋಡಿ: 89 ಹೋಮ್ ರನ್ ದಾಟುತ್ತದೆ! ಬಾಂಡ್ಸ್ ಪಾಪ, 73ರಲ್ಲಿ ನಿಂತ.

ಹಿಗ್ಗಿಸುವುದು ತಪ್ಪಲ್ಲ. ಏನನ್ನು ಹಿಗ್ಗಿಸುತ್ತೀರಿ ಅನ್ನುವುದು ಮುಖ್ಯ. ಸೀಸನ್ನೇ ಚಿಕ್ಕದಾಗಿದ್ದದ್ದು ಬೇರೆ, ದೊಡ್ಡ ಸೀಸನ್‌ನಲ್ಲಿ ಆಟಗಾರ ಸ್ವಲ್ಪ ಆಡಿದ್ದು ಬೇರೆ. ಮೊದಲನೆಯದನ್ನು ಮಾತ್ರ ಸರಿದೂಗಿಸಬೇಕು. ಅದಕ್ಕೆ ಮೇಜರ್ ಲೀಗ್‌ನವರ ಅರ್ಹತೆಯ ಲೆಕ್ಕವೇ ಸಾಕು: ತಂಡ ಆಡಿದ ಪ್ರತಿ ಪಂದ್ಯಕ್ಕೆ 3.1 ಪ್ಲೇಟ್ ಅಪಿಯರೆನ್ಸ್. 162 ಪಂದ್ಯಕ್ಕೆ 502. 60 ಪಂದ್ಯದ 2020ಕ್ಕೆ 186. ಇಷ್ಟು ದಾಟಿದವರ ಎಣಿಕೆಯನ್ನು ಮಾತ್ರ ಸೀಸನ್ ಉದ್ದಕ್ಕೆ ತಕ್ಕಂತೆ ಹಿಗ್ಗಿಸಿ. ಸ್ಪೆನ್ಸರ್ ತಾನಾಗಿಯೇ ಬಿದ್ದುಹೋಗುತ್ತಾನೆ.

ನೀಗ್ರೋ ಲೀಗ್‌ಗಳ ಆಟಗಾರರ ವಿಷಯದಲ್ಲಿ ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಗುಂಪುಗಳು ಎಡವುತ್ತವೆ. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ಮೇಜರ್ ಲೀಗ್‌ಗಳ ಬಾಗಿಲು ಕಪ್ಪು ಆಟಗಾರರಿಗೆ ಮುಚ್ಚಿತ್ತು. 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳನ್ನು ಮೇಜರ್ ಎಂದು 2020ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡರು, ಅಂಕಿಗಳನ್ನು 2024ರಲ್ಲಿ ದಾಖಲೆಗೆ ಸೇರಿಸಿದರು. ಜಾಶ್ ಗಿಬ್ಸನ್‌ನ ಜೀವಮಾನದ ಸರಾಸರಿ .372, ಕಾಬ್‌ನ .367 ಎರಡನೆಯ ಜಾಗಕ್ಕೆ ಇಳಿಯಿತು. ಗಿಬ್ಸನ್‌ನ 1943ರ ಸರಾಸರಿ .466. ನಮ್ಮ ಗುಂಪಿನಲ್ಲೂ "ಸೀಸನ್ ಚಿಕ್ಕದು, ಬಿಟ್ಟುಬಿಡೋಣ" ಎಂದವರಿದ್ದರು. ನಾನು ಒಪ್ಪಲಿಲ್ಲ. ಅವನ ಸೀಸನ್ ಚಿಕ್ಕದಾಗಿದ್ದದ್ದು ಅವನ ಆಯ್ಕೆಯಲ್ಲ. ಅವನ ತಂಡ ಆಡಿದ ಪಂದ್ಯಗಳಿಗೆ 3.1ರ ಲೆಕ್ಕ ಹಾಕಿ, ದಾಟಿದರೆ ಕಾರ್ಡು ಸರಿ. ಬೇರೆ ಷರತ್ತು ಬೇಡ.

ಲಕ್ಷಣ: ಅಂಕಿ ಯಾಕೋ ತುಂಬಾ ಚೆನ್ನಾಗಿದೆ

ನಾಲ್ಕನೆಯ ವರ್ಷ ಸ್ಟೀಲ್ ವಿಭಾಗವನ್ನು ಚೂರು ಬುದ್ಧಿವಂತ ಮಾಡಲು ಹೋದೆವು. ಕದ್ದ ಬೇಸ್‌ಗಳಿಂದ, ಕದಿಯಲು ಹೋಗಿ ಸಿಕ್ಕಿಬಿದ್ದದ್ದನ್ನು ಕಳೆಯುವುದು. ನ್ಯಾಯವಾಗಿಯೇ ಇತ್ತು. ಡ್ರಾಫ್ಟ್ ಮುಗಿದ ಮೇಲೆ ನೋಡಿದರೆ ಟೈ ಕಾಬ್‌ನನ್ನು ಹಿಡಿದವರು 1915 ಬಿಟ್ಟು 1911 ಆರಿಸಿದ್ದರು. 96 ಬಿಟ್ಟು 83? ಸರಾಸರಿ 1911ರಲ್ಲಿ ಜಾಸ್ತಿ, ನಿಜ. ಆದರೆ ಹಾಳೆಯ ಸ್ಟೀಲ್ ವಿಭಾಗದಲ್ಲೂ 1911ರ ಕಾಬ್‌ನೇ ಮುಂದಿದ್ದ.

ಆ ಎರಡು ಸಾಲು ದೊಡ್ಡದು ಮಾಡಿ ನೋಡಿದೆ. 1915: ಕದ್ದದ್ದು 96, ಸಿಕ್ಕಿಬಿದ್ದದ್ದು 38, ಉಳಿದದ್ದು 58. 1911: ಕದ್ದದ್ದು 83, ಸಿಕ್ಕಿಬಿದ್ದದ್ದು... ಏನೂ ಇಲ್ಲ. ಸೊನ್ನೆಯೂ ಅಲ್ಲ, ಖಾಲಿ ಚೌಕ. ಸ್ಪ್ರೆಡ್‌ಶೀಟ್‌ಗೆ ಖಾಲಿ ಅಂದರೂ ಒಂದೇ, ಸೊನ್ನೆ ಅಂದರೂ ಒಂದೇ. ಉಳಿದದ್ದು 83. ಒಂದು ಸಲವೂ ಸಿಕ್ಕಿಬೀಳದ ಕಳ್ಳ!

ಖಾಲಿ ಚೌಕಗಳಿಗೆಲ್ಲ ಹಳದಿ ಬಣ್ಣ ಬರುವಂತೆ ಮಾಡಿದೆ. ಹಾಳೆ ಸಾಸಿವೆ ಹೊಲದ ಹಾಗೆ ಕಾಣಿಸಿತು. ನ್ಯಾಷನಲ್ ಲೀಗ್‌ನಲ್ಲಿ 1926ರಿಂದ 1950ರವರೆಗೆ ಸಿಕ್ಕಿಬಿದ್ದವರ ಲೆಕ್ಕ ಇಟ್ಟಿಲ್ಲ. ಬ್ಯಾಟರ್‌ಗಳ ಸ್ಟ್ರೈಕ್‌ಔಟ್ ಅನ್ನು ನ್ಯಾಷನಲ್ ಲೀಗ್ ಎಣಿಸಲು ಶುರು ಮಾಡಿದ್ದು 1910ರಲ್ಲಿ, ಅಮೆರಿಕನ್ ಲೀಗ್ 1913ರಲ್ಲಿ. ಸ್ಟ್ರೈಕ್‌ಔಟ್‌ಗೆ ದಂಡ ಹಾಕುವ ಲೀಗ್‌ನಲ್ಲಿ ಅದಕ್ಕಿಂತ ಹಿಂದಿನವರೆಲ್ಲ ಪುಕ್ಕಟೆ ಪಾರಾಗುತ್ತಾರೆ.

ಸೇವ್‌ನ ಕಥೆ ಸ್ವಲ್ಪ ಬೇರೆ. ಅದು ಅಧಿಕೃತವಾದದ್ದು 1969ರಲ್ಲಿ. ಹಿಂದಿನ ವರ್ಷಗಳದ್ದನ್ನು ಆಮೇಲೆ ಲೆಕ್ಕ ಹಾಕಿ ತುಂಬಿದ್ದಾರೆ, ಹಾಗಾಗಿ ಚೌಕ ಖಾಲಿ ಕಾಣುವುದಿಲ್ಲ. ಆದರೆ ಆ ಕಾಲದಲ್ಲಿ ಯಾರೂ ಸೇವ್‌ಗಾಗಿ ಪಿಚರ್‌ನನ್ನು ಉಳಿಸಿಕೊಂಡು ಕೂರುತ್ತಿರಲಿಲ್ಲ. ಅಂಕಿ ಇದೆ, ಅರ್ಥ ಇಲ್ಲ. ನಾವು ರಿಲೀವರ್‌ಗಳಿಗೆ ಮೂರು ಜಾಗ ಬೇರೆ ಇಟ್ಟು, ಅಲ್ಲಿ 1969ರ ನಂತರದ ಕಾರ್ಡು ಮಾತ್ರ ಎಂದು ಬರೆದುಕೊಂಡೆವು.

ಖಾಲಿಗೆ ಸೊನ್ನೆ ಮಾತ್ರ ಹಾಕಬೇಡಿ. ಆ ಕಾಲದ ಹತ್ತಿರದ ವರ್ಷಗಳ ಸರಾಸರಿ ತುಂಬಬಹುದು, ಇಲ್ಲ ಆ ವಿಭಾಗವನ್ನೇ ಬಿಡಬಹುದು. ನಾವು ಕಳೆಯುವ ಲೆಕ್ಕ ಬಿಟ್ಟು ಸುಮ್ನೆ ಹಳೆಯ ಸ್ಟೀಲ್‌ಗೆ ವಾಪಸ್ ಬಂದೆವು.

ಲಕ್ಷಣ: ಶಾರ್ಟ್‌ಸ್ಟಾಪ್ ಜಾಗದಲ್ಲಿ ಶಾರ್ಟ್‌ಸ್ಟಾಪ್ ಇಲ್ಲ

ಬೇಗ ಬಗೆಹರಿಯುವ ದೋಷ. ಶಾರ್ಟ್‌ಸ್ಟಾಪ್ ಅಂದರೆ ಎರಡನೆಯ ಮತ್ತು ಮೂರನೆಯ ಬೇಸ್ ನಡುವೆ ನಿಲ್ಲುವ ಫೀಲ್ಡರ್. ಒಬ್ಬರು ಅಲೆಕ್ಸ್ ರಾಡ್ರಿಗೆಜ್ 2007, 54 ಹೋಮ್ ರನ್, ಶಾರ್ಟ್‌ಸ್ಟಾಪ್ ಎಂದು ಬರೆದರು. ಶಾರ್ಟ್‌ಸ್ಟಾಪ್ ಅಂತಲೇ ಹೆಸರು ಮಾಡಿದವನು, ಯಾರೂ ತಕರಾರು ತೆಗೆಯಲಿಲ್ಲ. ಆದರೆ 2004ರಲ್ಲಿ ಯಾಂಕೀಸ್‌ಗೆ ಬಂದ ಮೇಲೆ ಅವನು ಮೂರನೆಯ ಬೇಸ್‌ಗೆ ಹೋಗಿದ್ದ. ಅರ್ನಿ ಬ್ಯಾಂಕ್ಸ್‌ದೂ ಇದೇ ಕಥೆ. ಶಾರ್ಟ್‌ಸ್ಟಾಪ್ ಎಂದು ಎಲ್ಲರಿಗೂ ನೆನಪು, ಆದರೆ ಜೀವಮಾನದಲ್ಲಿ ಅವನು ಜಾಸ್ತಿ ಆಡಿದ್ದು ಮೊದಲ ಬೇಸ್. ನಿಯಮ: ಕಾರ್ಡಿನ ವರ್ಷದಲ್ಲಿ ಆ ಸ್ಥಾನದಲ್ಲಿ 20 ಪಂದ್ಯ. ರಾಬಿನ್ ಯೌಂಟ್ ಎರಡು ಸಲ ಎಂವಿಪಿ, ಅಂದರೆ ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರ, ಆದ, 1982ರಲ್ಲಿ ಶಾರ್ಟ್‌ಸ್ಟಾಪ್, 1989ರಲ್ಲಿ ಸೆಂಟರ್ ಫೀಲ್ಡ್. ವರ್ಷ ಹೇಳಿದರೆ ಸ್ಥಾನವೂ ಹೇಳಿದ ಹಾಗೆ.

ಔಟ್‌ಫೀಲ್ಡ್ ಅನ್ನು ಎಡ, ನಡು, ಬಲ ಎಂದು ಒಡೆಯಬೇಕೇ ಎಂದು ಕೇಳುತ್ತಾರೆ. ಬೇಡ. ಬಿಸಿಲು ಕಣ್ಣಿಗೆ ಹೊಡೆಯುವ ಕಡೆ ರೂತ್‌ನನ್ನು ನಿಲ್ಲಿಸುತ್ತಿರಲಿಲ್ಲ, ಮೈದಾನ ನೋಡಿ ಎಡಕ್ಕೋ ಬಲಕ್ಕೋ ಕಳಿಸುತ್ತಿದ್ದರು. ಅದನ್ನು ಎಣಿಸುತ್ತಾ ಕೂತರೆ ಮಾರ್ಚ್ ಬಂದುಬಿಡುತ್ತದೆ.

ಲಕ್ಷಣ: "ವಾಲ್ಟರ್ ಜಾನ್ಸನ್ ನಮ್ಮವನು" ಎಂಬ ಜಗಳ

ಒಬ್ಬೊಬ್ಬರಿಗೆ ಒಂದೊಂದು ಫ್ರಾಂಚೈಸಿ ಕೊಟ್ಟು, ಅದರ ಇತಿಹಾಸದಿಂದ ಮಾತ್ರ ತಂಡ ಕಟ್ಟುವ ಲೀಗ್‌ಗಳೂ ಇವೆ. ನಾವು ಒಂದು ವರ್ಷ ಆಡಿದೆವು. ವಾಷಿಂಗ್ಟನ್ ನ್ಯಾಷನಲ್ಸ್ ತೆಗೆದುಕೊಂಡ ಗೆಳೆಯ ವಾಲ್ಟರ್ ಜಾನ್ಸನ್ 1913 ಕೇಳಿದ, 36 ಗೆಲುವು, ಇಆರ್‌ಎ 1.14. ವಾಷಿಂಗ್ಟನ್‌ಗೇ ಆಡಿದವನು, ಸಿಗಬೇಕು ಅಲ್ವಾ? ಇಲ್ಲ. ಜಾನ್ಸನ್‌ನ ಸೆನೆಟರ್ಸ್ 1961ರಲ್ಲಿ ಮಿನೆಸೋಟ ಟ್ವಿನ್ಸ್ ಆಯಿತು. ಆ ಜಾಗಕ್ಕೆ ಬಂದ ಎರಡನೆಯ ಸೆನೆಟರ್ಸ್ 1972ರಲ್ಲಿ ಟೆಕ್ಸಸ್ ರೇಂಜರ್ಸ್ ಆಯಿತು. ಈಗಿನ ನ್ಯಾಷನಲ್ಸ್ 2005ರಲ್ಲಿ ಮಾಂಟ್ರಿಯಲ್‌ನಿಂದ ಬಂದದ್ದು, ಅಲ್ಲಿ ಅದರ ಹೆಸರು ಎಕ್ಸ್‌ಪೋಸ್. ಅವನಿಗೆ ಸಿಕ್ಕಿದ್ದು ಎಕ್ಸ್‌ಪೋಸ್‌ನ ಪೆಡ್ರೊ 1997. ಬೇಸರ ಮಾಡಿಕೊಳ್ಳುವಂಥ ಕಾರ್ಡೇನಲ್ಲ, ಆದರೂ ಒಂದು ವಾರ ಮಾತಾಡಲಿಲ್ಲ. ಊರು ಲೆಕ್ಕವೋ ಫ್ರಾಂಚೈಸಿ ಲೆಕ್ಕವೋ ಮೊದಲೇ ಬರೆದಿಡಿ.

ಇದಕ್ಕಿಂತ ದೊಡ್ಡ ತೊಂದರೆ ಅಸಮಾನತೆ. ಯಾಂಕೀಸ್ ಸಿಕ್ಕವರಿಗೆ ರೂತ್, ಗೆಹ್ರಿಗ್, ಡಿಮ್ಯಾಜಿಯೊ, ಮ್ಯಾಂಟಲ್. 1998ರಲ್ಲಿ ಹುಟ್ಟಿದ ಟ್ಯಾಂಪಾ ಬೇ ಸಿಕ್ಕವರಿಗೆ ಹುಡುಕಾಟ. ಒಬ್ಬೊಬ್ಬರಿಗೆ ಎರಡು ಫ್ರಾಂಚೈಸಿ ಕೊಡಿ, 1901ರ 16 ಹಳೆಯ ತಂಡಗಳಲ್ಲಿ ಒಂದು, ಆಮೇಲೆ ಬಂದ 14ರಲ್ಲಿ ಒಂದು. ಹಳೆಯದನ್ನು ಮೊದಲು ಆರಿಸಿದವರು ಹೊಸದನ್ನು ಕೊನೆಗೆ ಆರಿಸಲಿ.

ತಿದ್ದಿದ ಮೇಲೆ

ಒಂದು ಸಲಕ್ಕೆ ಒಂದೇ ನಿಯಮ ಬದಲಾಯಿಸಿ. ಹಳೆಯ ಡ್ರಾಫ್ಟ್‌ಗಳ ಮೇಲೆ ಅದನ್ನು ಹಾಕಿ, ಮತ್ತೆ ಅಂಕ ಲೆಕ್ಕ ಮಾಡಿ, ದಶಕದ ಎಣಿಕೆ ಮತ್ತೆ ನೋಡಿ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದು ನಾಟಿತು, ಯಾವುದು ಕೆಡಿಸಿತು ಗೊತ್ತಾಗುವುದಿಲ್ಲ. ದಶಕಕ್ಕೆ ಇಷ್ಟು ಜನ ಎಂದು ಕೋಟಾ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ನಾವೂ ಹಾಕಿ ನೋಡಿದೆವು. ತಕ್ಕಡಿ ಹಾಗೇ ಕೆಟ್ಟಿತ್ತು, ಗುಂಪು ಮಾತ್ರ ಕಾಣದಂತೆ ಹರಡಿತು. ಕೊನೆಯ ಸುತ್ತುಗಳಲ್ಲಿ ಕೋಟಾ ತುಂಬಲು ಎಲ್ಲರೂ ಬೇಡದ ಕಾರ್ಡು ಎತ್ತುತ್ತಿದ್ದರು.

ಹೊಸ ನಿಯಮವನ್ನು ಗುಂಪಿಗೆ ಹಾಕುವ ಮೊದಲು ನಿಮ್ಮಲ್ಲಿ ಅತಿ ಕಿಲಾಡಿ ಯಾರೋ ಅವರಿಗೆ ಕೊಟ್ಟು, "ಇದನ್ನು ಮುರಿದು ತೋರಿಸಿ" ಎನ್ನಿ. ನಾನು ಭಾವನಿಗೆ ಕಳಿಸುತ್ತೇನೆ. ಸಾಮಾನ್ಯವಾಗಿ ರಾತ್ರಿಯೊಳಗೆ ಉತ್ತರ ಬರುತ್ತದೆ.

ಈ ಸಲ ಬಂದ ಉತ್ತರ ಇನ್ನೂ ಬಗೆಹರಿದಿಲ್ಲ. ನಮ್ಮಲ್ಲಿ ಒಂದು ಕಾರ್ಡಿಗೆ ಒಂದೇ ಜಾಗ, ಬ್ಯಾಟ್ ಅಥವಾ ಚೆಂಡು, ಯಾವುದಾದರೂ ಒಂದು. ಭಾವ ಬರೆದರು: "ಶೋಹೇ ಓಟಾನಿ 2021. 46 ಹೋಮ್ ರನ್, 9 ಗೆಲುವು, 156 ಸ್ಟ್ರೈಕ್‌ಔಟ್. ಅರ್ಧ ಕೊಯ್ದು ಕೊಟ್ಟರೆ ಅವನು ಓಟಾನಿ ಹೇಗಾಗುತ್ತಾನೆ?" ಮಾತು ಸರಿ. ಶುರುವಿನ ಪಿಚರ್ ಎಸೆಯುವುದು ಮುಗಿಸಿದ ಮೇಲೂ ಬ್ಯಾಟಿಂಗ್ ಮುಂದುವರಿಸಲಿ ಎಂದು ಮೇಜರ್ ಲೀಗ್‌ನವರೇ 2022ರಲ್ಲಿ ನಿಯಮ ತಿದ್ದಿದರು. ಆದರೆ ಎರಡೂ ಜಾಗ ಕೊಟ್ಟರೆ 1919ರ ರೂತ್‌ಗೂ ಕೊಡಬೇಕು, 29 ಹೋಮ್ ರನ್, 9 ಗೆಲುವು. ಎರಡು ಜಾಗ, ಎರಡು ಸರದಿಯ ಬೆಲೆ ಎಂದು ನಾನು ಸೂಚಿಸಿದೆ. ಮತಕ್ಕೆ ಹಾಕಿದೆವು. ಐದು, ಐದು. ಹಾಳೆಯಲ್ಲಿ ಓಟಾನಿಯ ಸಾಲು ಸದ್ಯಕ್ಕೆ ಹಳದಿ ಬಣ್ಣದಲ್ಲೇ ಇದೆ.